ಕಡಲಂಚಿನ ಪಟ್ಟಣಗಳು ಮತ್ತು ದೂರದ ನಿರ್ಧಾರಗಳು: ಕಾರವಾರ–ಅಂಕೋಲಾ ಪ್ರದೇಶದ ನಗರಾಧ್ಯಯನಕ್ಕೊಂದು ಪ್ರವೇಶ

ನಗರ ಮತ್ತು ಅಂತಾರಾಷ್ಟ್ರೀಯ ಅಭಿವೃದ್ಧಿಯ ಪರಸ್ಪರ ಸಂಬಂಧವು ಇತ್ತೀಚಿನ ದಶಕಗಳಲ್ಲಿ ಪ್ರತ್ಯೇಕ ಅಧ್ಯಯನ ಶಾಖೆಯಾಗಿ ಬೆಳೆದಿದೆ. ವಾಷಿಂಗ್ಟನ್ನಿನ ವುಡ್ರೊ ವಿಲ್ಸನ್ ಕೇಂದ್ರವು ವಿಶ್ವಬ್ಯಾಂಕು ಮೊದಲಾದ ಸಂಸ್ಥೆಗಳೊಡನೆ ಕೂಡಿ 2010ರಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ನಗರ ಬಡತನವನ್ನು ಕುರಿತ ಪ್ರಬಂಧ ಸ್ಪರ್ಧೆಯನ್ನು ಆರಂಭಿಸಿದುದು ಈ ಬೆಳವಣಿಗೆಯ ಒಂದು ಕುರುಹು. ಭೂಮಿ ಮತ್ತು ವಸತಿಯ ಹಕ್ಕು, ಆರೋಗ್ಯ, ಜೀವನೋಪಾಯ ಇವು ಅಂತಹ ಸ್ಪರ್ಧೆಗಳು ಮುಂದಿಡುವ ಶೀರ್ಷಿಕೆಗಳು. ಈ ಶೀರ್ಷಿಕೆಗಳ ಅಡಿಯಲ್ಲಿ ಬರೆಯಲು ಹೊರಟ ವಿದ್ಯಾರ್ಥಿಯ ಕಣ್ಣು ಸಹಜವಾಗಿಯೇ ಮುಂಬಯಿ, ಬೆಂಗಳೂರುಗಳಂತಹ ಮಹಾನಗರಗಳತ್ತ ಹೊರಳುತ್ತದೆ. ಸಣ್ಣ ಪಟ್ಟಣಗಳು ಲೆಕ್ಕಕ್ಕೆ ಬರುವುದಿಲ್ಲ.

ಈ ದೃಷ್ಟಿಯನ್ನು ತಿದ್ದಿಕೊಳ್ಳಬೇಕಾದ ಅಗತ್ಯವನ್ನು ಕಾರವಾರ ಮತ್ತು ಅಂಕೋಲಾ ಪಟ್ಟಣಗಳ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸುಮಾರು ಒಂದೂವರೆ ಶತಮಾನದಲ್ಲಿ ಈ ಪ್ರದೇಶವು ಕನಿಷ್ಠ ಮೂರು ಬಾರಿ ದೂರದಲ್ಲಿ ಕೈಗೊಂಡ ನಿರ್ಧಾರಗಳಿಂದ ತನ್ನ ಸ್ವರೂಪವನ್ನು ಬದಲಿಸಿಕೊಂಡಿದೆ. ಈ ಮೂರನ್ನೂ ಒಟ್ಟಿಗೆ ನೋಡಿದಾಗ, ಪುರಸಭೆಯ ಗಡಿಯೊಳಗೆ ನಿಂತು ಪಟ್ಟಣವನ್ನು ಅಭ್ಯಸಿಸುವ ಕ್ರಮ ಸಾಲದೆಂಬುದು ಮನದಟ್ಟಾಗುತ್ತದೆ.

1. ಹತ್ತಿ ಕಟ್ಟಿದ ಬಂದರು

ಹದಿನೇಳನೆಯ ಶತಮಾನದಲ್ಲಿಯೇ ಇಂಗ್ಲಿಷ್ ವರ್ತಕರು ಕಾಳಿ ನದಿಯ ಮುಖದ ಕಡವಾಡದಲ್ಲಿ ಕೋಠಿ ತೆರೆದು ಮೆಣಸು ಮತ್ತು ಬಟ್ಟೆಯ ವ್ಯಾಪಾರ ನಡೆಸಿದ್ದರು. ಆದರೆ ಇಂದಿನ ಕಾರವಾರ ಪಟ್ಟಣದ ಹುಟ್ಟು 1860ರ ದಶಕದ್ದು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ, ಬಹುಪಾಲು ಅಮೆರಿಕದ ಹತ್ತಿಯನ್ನೇ ನಂಬಿದ್ದ ಲ್ಯಾಂಕಾಶೈರಿನ ಗಿರಣಿಗಳು ಕಂಗೆಟ್ಟವು. ಧಾರವಾಡ ಸೀಮೆಯ ಹತ್ತಿಯನ್ನು ಸಮೀಪದ ಕಡಲಿಗೆ ಇಳಿಸಬೇಕೆಂದು ಮ್ಯಾಂಚೆಸ್ಟರಿನ ಉದ್ಯಮಿಗಳು ಸರ್ಕಾರದ ಮೇಲೆ ಒತ್ತಡ ತಂದರು. ಅಲ್ಲಿಯ ಹತ್ತಿ ಕಂಪನಿಯೊಂದು ಸದಾಶಿವಗಡಕ್ಕೆ ಯಂತ್ರಗಳನ್ನೂ ಕಳುಹಿಸಿತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಬಂದರನ್ನೂ ಹತ್ತಿ ಬೆಳೆಯುವ ನಾಡನ್ನೂ ಒಂದೇ ಆಡಳಿತದ ಅಡಿಗೆ ತರುವುದು ಈ ವರ್ಗಾವಣೆಯ ಪ್ರಧಾನ ಉದ್ದೇಶವಾಗಿತ್ತು. ಜಿಲ್ಲೆಯ ಮುಖ್ಯ ಸ್ಥಳವಾಗಿ ಕಾರವಾರ ರೂಪುಗೊಂಡಿತು. ಕಚೇರಿ, ಬಂಗಲೆ, ಘಟ್ಟದ ರಸ್ತೆಗಳು ಎದ್ದವು.

ಆದರೆ ಘಟ್ಟದ ರಸ್ತೆ ಸಕಾಲಕ್ಕೆ ಸಿದ್ಧವಾಗದೆ ಮ್ಯಾಂಚೆಸ್ಟರಿನ ಕಂಪನಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಕುಸಿಯಿತು. ಹುಬ್ಬಳ್ಳಿ–ಕಾರವಾರ ರೈಲುಮಾರ್ಗದ ಸರ್ವೇಕ್ಷಣೆ ನಡೆದರೂ ಮಾರ್ಗ ಆಗಲಿಲ್ಲ. 1880ರ ದಶಕದಲ್ಲಿ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಒಳನಾಡಿನ ಸರಕು ಅತ್ತ ಹರಿಯಿತು. ಬಂದರಿಗಾಗಿ ಹುಟ್ಟಿದ ಪಟ್ಟಣ ಕಚೇರಿಗಳ ಪಟ್ಟಣವಾಗಿ ಉಳಿಯಿತು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗವೂ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿ ಇಂದಿಗೂ ಪೂರ್ಣಗೊಂಡಿಲ್ಲ. ದೂರದ ಮಾರುಕಟ್ಟೆಯು ಊರೊಂದನ್ನು ಕಟ್ಟಬಲ್ಲದು, ಆದರೆ ಅದನ್ನು ಸಲಹುವ ಹೊಣೆಯನ್ನು ಹೊರುವುದಿಲ್ಲ ಎಂಬುದು ಈ ಮೊದಲ ಘಟ್ಟದ ಪಾಠ.

2. ನೌಕಾನೆಲೆ ಮತ್ತು ನೆಲೆ ಕಳೆದುಕೊಂಡವರು

ಎರಡನೆಯ ಘಟ್ಟವು ರಾಷ್ಟ್ರರಕ್ಷಣೆಗೆ ಸಂಬಂಧಿಸಿದ್ದು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಐಎನ್ಎಸ್ ಕದಂಬ ಎಂಬ ಹೆಸರಿನಿಂದ ನೆಲೆ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ 11 ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಲ್ಲಿ ಹಾಲಕ್ಕಿ ಒಕ್ಕಲಿಗರೂ ಮೀನುಗಾರ ಸಮುದಾಯದವರೂ ಇದ್ದರು. ತೋಡೂರು, ಚಿತ್ತಾಕುಲ, ಹಾರವಾಡ, ಬೇಲೆಕೇರಿ ಮೊದಲಾದೆಡೆ ಪುನರ್ವಸತಿ ಕಾಲೊನಿಗಳು ತಲೆಯೆತ್ತಿದವು. ನ್ಯಾಯಾಲಯಗಳು ಪರಿಹಾರದ ಮೊತ್ತವನ್ನು ಹೆಚ್ಚಿಸಿದವಾದರೂ ಅದು ಕೈಸೇರಲು ಅನೇಕರು ದಶಕಗಳ ಕಾಲ ಕಾಯಬೇಕಾಯಿತು.

ಇಲ್ಲಿ ಸಂಶೋಧಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಕ್ಕಲಿನ ಭೂಮಿಗೆ ಸರ್ವೆ ಸಂಖ್ಯೆಯುಂಟು, ಪಹಣಿಯುಂಟು, ಆದ್ದರಿಂದ ಪರಿಹಾರದ ಲೆಕ್ಕವೂ ಉಂಟು. ಕಡಲ ದಂಡೆಗೆ ಇವು ಯಾವುವೂ ಇಲ್ಲ. ಈ ಕರಾವಳಿಯ ಸಾಂಪ್ರದಾಯಿಕ ರಂಪಣಿ ಬಲೆಯನ್ನು ಎಳೆಯಲು ಉದ್ದನೆಯ ತೆರೆದ ದಂಡೆಯೂ ಹತ್ತಾರು ಜನರ ಕೈಗಳೂ ಬೇಕು. ಸಿಕ್ಕ ಮೀನು ಪಾಲಿನ ಪ್ರಕಾರ ಹಂಚಿಕೆಯಾಗುತ್ತಿತ್ತು. ಮನೆಯನ್ನು ಬೇರೆಡೆ ಕಟ್ಟಿಕೊಡಬಹುದು, ದಂಡೆಯನ್ನು ಕಟ್ಟಿಕೊಡಲಾಗದು. ಆದರೆ ರಂಪಣಿಯ ಅವನತಿಗೆ ನೌಕಾನೆಲೆಯೊಂದೇ ಕಾರಣವೆನ್ನುವುದೂ ಸರಿಯಲ್ಲ. 1970ರ ದಶಕದ ಕೊನೆಯಿಂದಲೇ ಯಾಂತ್ರೀಕೃತ ಪರ್ಸೀನ್ ದೋಣಿಗಳು ಅದನ್ನು ಹಿಂದಕ್ಕೆ ಸರಿಸತೊಡಗಿದ್ದವು. ಈ ಎರಡು ಕಾರಣಗಳನ್ನು ಊರೂರಿನ ಮಟ್ಟದಲ್ಲಿ ಬೇರ್ಪಡಿಸಿ ತೋರಿಸುವುದು ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ತಕ್ಕ ಕೆಲಸ.

3. ಸಾಲ, ಕೊಳವೆ ಮತ್ತು ನದಿ

ಮೂರನೆಯದು ನೇರವಾಗಿ ಅಂತಾರಾಷ್ಟ್ರೀಯ ಅಭಿವೃದ್ಧಿ ನೆರವಿನ ಘಟ್ಟ. ಏಷ್ಯನ್ ಅಭಿವೃದ್ಧಿ ಬ್ಯಾಂಕು 1999ರಲ್ಲಿ 17.5 ಕೋಟಿ ಡಾಲರ್ ಸಾಲವನ್ನು ಮಂಜೂರು ಮಾಡಿ ಕರ್ನಾಟಕ ನಗರಾಭಿವೃದ್ಧಿ ಹಾಗೂ ಕರಾವಳಿ ಪರಿಸರ ನಿರ್ವಹಣಾ ಯೋಜನೆಗೆ ಬೆಂಬಲ ನೀಡಿತು. ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಮಾತ್ರವಲ್ಲದೆ ಮಂಗಳೂರು, ಉಡುಪಿ ಮೊದಲಾದ ಪಟ್ಟಣಗಳೂ ಇದರ ವ್ಯಾಪ್ತಿಯಲ್ಲಿದ್ದವು. ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ, ರಸ್ತೆ, ಕೊಳೆಗೇರಿ ಸುಧಾರಣೆ ಇದರ ಪ್ರಮುಖ ಅಂಗಗಳು.

ನೀರಿನ ವಿಷಯವೊಂದನ್ನೇ ತೆಗೆದುಕೊಂಡರೂ ಸಾಕು. ಕಾರವಾರ ಕಾಳಿ ನದಿಯ ಮುಖದಲ್ಲಿದೆ. ಆದರೆ ಪಟ್ಟಣ ಕುಡಿಯುವುದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಬಳಿ ಗಂಗಾವಳಿಯಿಂದ ಎತ್ತಿದ ನೀರನ್ನು. ಅದೇ ನೀರು ಅಂಕೋಲಾಕ್ಕೂ ಹೋಗುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿ ಉಪ್ಪುನೀರು ಒಳನುಗ್ಗಿದರೆ ಎರಡೂ ಪಟ್ಟಣಗಳ ಅಡುಗೆಮನೆಗಳಿಗೆ ಅದರ ಬಿಸಿ ತಟ್ಟುತ್ತದೆ. ಸಾಲದ ದಾಖಲೆಗಳಲ್ಲಿ ಪ್ರತಿಯೊಂದು ಪಟ್ಟಣವೂ ಪ್ರತ್ಯೇಕ ಘಟಕ. ನೆಲದ ಮೇಲಾದರೋ ಒಂದೇ ನದಿ ಎರಡನ್ನೂ ಹಿಡಿದಿಟ್ಟಿದೆ. ನದಿಯ ಆಸುಪಾಸಿನ ಹಳ್ಳಿಗಳಿಗೆ ಆ ನೀರಿನಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆ ಪಟ್ಟಣವನ್ನು ಘಟಕವಾಗಿಟ್ಟುಕೊಂಡ ಅಧ್ಯಯನದಲ್ಲಿ ಏಳುವುದೇ ಇಲ್ಲ.

4. ಅಧ್ಯಯನದ ದಾರಿ

ಮೇಲಿನ ಮೂರು ಘಟ್ಟಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಭೂಮಿ, ಆರೋಗ್ಯ, ಜೀವನೋಪಾಯ ಎಂಬ ಶೀರ್ಷಿಕೆಗಳು ಸ್ಪರ್ಧೆಯ ಪ್ರಕಟಣೆಯಲ್ಲಿ ಬೇರೆ ಬೇರೆಯಾಗಿದ್ದರೂ ಇಲ್ಲಿಯ ಒಂದು ಮನೆಯಲ್ಲಿ ಅವು ಬೇರೆಯಾಗಿರುವುದಿಲ್ಲ. ಭೂಮಿ ಬಿಟ್ಟು ಕಾಲೊನಿಗೆ ಬಂದ ಕುಟುಂಬಕ್ಕೆ ಬಾವಿಯ ಬದಲು ನಲ್ಲಿಯೇ ಗತಿ. ತರಕಾರಿ ಬೆಳೆದು ಕಾರವಾರದ ಭಾನುವಾರದ ಸಂತೆಯಲ್ಲಿ ಮಾರುತ್ತಿದ್ದ ಹೆಂಗಸಿಗೆ ಗದ್ದೆ ಹೋದರೆ ಸಂತೆಯೂ ಹೋಯಿತು. ಆದಕಾರಣ ಅಧ್ಯಯನದ ಘಟಕವು ಪುರಸಭೆಯ ವಾರ್ಡಾಗಿರದೆ, ಪಟ್ಟಣವನ್ನೂ ಸುತ್ತಲಿನ ಗ್ರಾಮಗಳನ್ನೂ ಬೆಸೆಯುವ ನೀರು, ಸಂತೆ, ದಂಡೆ ಮತ್ತು ಕಾಲೊನಿಗಳ ಜಾಲವಾಗಿರಬೇಕು.

ಇದಕ್ಕೆ ಆಕರಗಳ ಕೊರತೆಯಿಲ್ಲ. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರಿನ ಕೆನರಾ ಸಂಪುಟ ಹತ್ತಿಯ ಕಾಲವನ್ನು ಅರಿಯಲು ನೆರವಾಗುತ್ತದೆ. ಭೂಸ್ವಾಧೀನದ ಅಧಿಸೂಚನೆಗಳು, ನ್ಯಾಯಾಲಯದ ತೀರ್ಪುಗಳು, ಸ್ಥಳೀಯ ಸಂಸ್ಥೆಗಳ ಠರಾವುಗಳು, ಬ್ಯಾಂಕಿನ ಯೋಜನಾ ವರದಿಗಳು ಮುಂದಿನ ಘಟ್ಟಗಳಿಗೆ ಒದಗುತ್ತವೆ. ಇವೆಲ್ಲಕ್ಕಿಂತ ತುರ್ತಿನ ಆಕರವೆಂದರೆ ಜನರ ನೆನಪು. ಹಳೆಯ ಊರಿನಲ್ಲಿ ಸಂಸಾರ ನಡೆಸಿದ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಯಾವ ಗದ್ದೆಗೆ ಯಾವ ಹೆಸರಿತ್ತು, ಯಾವ ದಂಡೆಯಲ್ಲಿ ಯಾರ ಬಲೆ ಬೀಳುತ್ತಿತ್ತು ಎಂಬುದನ್ನು ಯಾವ ಪಹಣಿಯೂ ಹೇಳದು. ಹಾಲಕ್ಕಿಗಳ ಕನ್ನಡದಲ್ಲಿಯೂ ಮೀನುಗಾರರ ಕೊಂಕಣಿಯಲ್ಲಿಯೂ ಉಳಿದಿರುವ ಈ ತಿಳಿವನ್ನು ದಾಖಲಿಸಲು ಆ ನುಡಿಗಳನ್ನು ಬಲ್ಲ ಸ್ಥಳೀಯ ವಿದ್ಯಾರ್ಥಿಗಳೇ ಹೆಚ್ಚು ಸಮರ್ಥರು.

5. ಉಪಸಂಹಾರ

ಇದು ಕೇವಲ ಗತಕಾಲದ ವಿಚಾರಣೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಪ್ರಾಣ ಕಳೆದುಕೊಂಡರು. ಮೂರು ವಾರಗಳ ಬಳಿಕ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಕೋಲಾ ಪಕ್ಕದ ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರನ್ನು ನಿರ್ಮಿಸುವ ಪ್ರಸ್ತಾವಕ್ಕೆ ಅಲ್ಲಿಯ ಮೀನುಗಾರರು ವಿರೋಧ ವ್ಯಕ್ತಪಡಿಸಿದ್ದಾರೆ. ಹತ್ತಿಯ ಕಾಲದಲ್ಲಿ ಯಾರೂ ಕೇಳದಿದ್ದ, ನೌಕಾನೆಲೆಯ ಕಾಲದಲ್ಲಿ ತಡವಾಗಿ ಕೇಳಿದ ಪ್ರಶ್ನೆಯನ್ನು ಈಗ ಮೊದಲೇ ಕೇಳುವ ಅವಕಾಶವಿದೆ: ದಂಡೆಗೆ ಬೆಲೆ ಕಟ್ಟುವವರು ಯಾರು, ಅದನ್ನು ತೆರುವವರು ಯಾರು? ಇದಕ್ಕೆ ಆಧಾರಸಹಿತವಾದ ಉತ್ತರವನ್ನು ಸಿದ್ಧಪಡಿಸುವ ಪ್ರಬಂಧವೊಂದು ಯಾವ ಸ್ಪರ್ಧೆಯಲ್ಲಿ ಬಹುಮಾನ ಪಡೆಯದಿದ್ದರೂ ಈ ನೆಲದ ಜನರಿಗೆ ಉಪಯುಕ್ತವಾದೀತು.