ಎರಡು ನೀರಿನ ಮೀನು

1938ನೆಯ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕಡಲಿನಲ್ಲಿ ದೊರೆತ ಸೀಲಕಾಂತ್ ಮತ್ಸ್ಯದ ವಾರ್ತೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅದಕ್ಕೆ ಮರುವರ್ಷ ನಾಮಕರಣ ಮಾಡಿದ ಜೆ. ಎಲ್. ಬಿ. ಸ್ಮಿತ್ ಎಂಬ ವಿದ್ವಾಂಸರೇ 1937ರಲ್ಲಿ ಗೇಣುದ್ದವೂ ಇಲ್ಲದ ಇನ್ನೊಂದು ಮೀನನ್ನು ಹೆಸರಿಸಿದ್ದರು. ಗೋಬಿ ವಂಶದ ಆ ಮೀನು ಗ್ಲಾಸೊಗೋಬಿಯಸ್ ಕ್ಯಾಲಿಡಸ್. ಅದನ್ನು ಬಲ್ಲವರು ವಿರಳ.

ಮೊಜಾಂಬಿಕ್ ಮತ್ತು ದಕ್ಷಿಣ ಆಫ್ರಿಕದ ಅಳಿವೆಗಳೂ ಹೊಳೆಗಳೂ ಇದರ ನೆಲೆ. ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳು ಬೆಸೆದು ಬಟ್ಟಲಿನಂತಾಗಿವೆ. ಅದನ್ನು ಊರಿಕೊಂಡು ಇದು ನೀರಿನ ತಳದಲ್ಲಿ ಕುಳಿತಿರುತ್ತದೆ.

ಇದರ ನಿಜವಾದ ಸಾಹಸವಾದರೋ ಕಣ್ಣಿಗೆ ಕಾಣುವಂಥದಲ್ಲ. ಕಡಲ ಉಪ್ಪುನೀರು ಮೀನಿನ ಒಡಲಿನ ನೀರನ್ನು ಹೊರಸೆಳೆಯುತ್ತದೆ. ಆಗ ಮೀನು ನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡಬೇಕು. ಸಿಹಿನೀರಿನಲ್ಲಿ ಇದೆಲ್ಲವೂ ತಿರುವುಮುರುವು. ನೀರು ತಾನಾಗಿ ಒಳನುಗ್ಗುತ್ತದೆ. ಮೂತ್ರಪಿಂಡಗಳು ಅದನ್ನು ವಿಸರ್ಜಿಸಬೇಕು, ಕಿವಿರುಗಳು ಉಪ್ಪನ್ನು ಒಳಗೆಳೆದುಕೊಳ್ಳಬೇಕು. ಹೆಚ್ಚಿನ ಮೀನುಗಳು ಇವೆರಡರಲ್ಲಿ ಒಂದನ್ನು ಮಾತ್ರ ಮಾಡಬಲ್ಲವು. ನೀರು ಬದಲಾದರೆ ಅವುಗಳಿಗೆ ಮರಣವೇ ಗತಿ. ಈ ಪುಟ್ಟ ಜೀವಿಗೆ ಎರಡೂ ಸಾಧ್ಯ. ಈಸ್ಟರ್ನ್ ಕೇಪ್ ಪ್ರಾಂತದ ನೀರಾವರಿ ಕೊಳಗಳಲ್ಲಿ ಕಡಲನ್ನೇ ಕಾಣದೆ ಇದು ಸಂತಾನವನ್ನು ಬೆಳೆಸಿದೆ.

ಅಪೂರ್ವವಾದುದಕ್ಕೆ ನಾವು ಬೆರಗಾಗುವುದು ಸಹಜವೇ. ಆದರೆ ಮೊಣಕಾಲುದ್ದದ ಕೆಸರುನೀರಿನಲ್ಲಿ ಸದ್ದಿಲ್ಲದೆ ನಡೆಯುವ ಈ ಕಾರ್ಯವೂ ಅಷ್ಟೇ ಬೆರಗಿಗೆ ಅರ್ಹವೆಂದು ನಾವು ಭಾವಿಸುತ್ತೇವೆ.