ಅಮಲ್ದಾರ, ಮಾಮಲೇದಾರ, ತಹಶೀಲ್ದಾರ

ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ, ಚೆನ್ನಕೇಶವನ ಗುಡಿಗೆ ಅಷ್ಟು ದೂರವಲ್ಲದ ಕಡೆಯಲ್ಲಿ ನಾಲ್ಕೆಕರೆ ರಾಗಿಯ ಹೊಲವುಳ್ಳ ಒಬ್ಬ ರೈತನನ್ನು ಕಲ್ಪಿಸಿಕೊಂಡರೆ, ಅವನು 1946ರಿಂದ 1956ರವರೆಗಿನ ಹತ್ತು ವರ್ಷಗಳಲ್ಲಿ ತನ್ನ ಹೊಲದ ಬದುವನ್ನು ದಾಟದೆಯೇ ನಾಲ್ಕು ಪ್ರಭುತ್ವಗಳ ಪ್ರಜೆಯಾದನೆಂದು ಹೇಳಬೇಕಾಗುತ್ತದೆ. ಮೊದಲು ಮಹಾರಾಜರ ಹೆಸರಿನಲ್ಲಿ ದಿವಾನರು ನಡೆಸುತ್ತಿದ್ದ ಆಡಳಿತ. 'ಮೈಸೂರು ಚಲೋ' ಸತ್ಯಾಗ್ರಹದ ಫಲವಾಗಿ 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಬಂದ ಜವಾಬ್ದಾರಿ ಸರ್ಕಾರ. 1950ರ ಜನವರಿ 26ರಿಂದ ರಾಜಪ್ರಮುಖರನ್ನುಳ್ಳ, ಭಾರತ ಗಣರಾಜ್ಯದ ಅಂಗವಾದ ಮೈಸೂರು. ಕಡೆಗೆ 1956ರ ನವೆಂಬರ್ 1ರಂದು ರಾಜ್ಯಪಾಲರನ್ನುಳ್ಳ, ಗಾತ್ರದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಬೆಳೆದ ವಿಶಾಲ ಮೈಸೂರು. ಇಷ್ಟೆಲ್ಲ ಆಗುತ್ತಿರುವಾಗಲೂ ಅವನ ಕಂದಾಯವನ್ನು ಬರೆದುಕೊಳ್ಳುತ್ತಿದ್ದವರು ಅದೇ ಮನೆತನದ ಶಾನುಭೋಗರು. ಅವನಿಗೆ 'ಸರ್ಕಾರ'ವೆಂದರೆ ಅವರು ಮತ್ತು ಹೊಸದುರ್ಗದ ಕಚೇರಿಯ ಅಮಲ್ದಾರರು.

ನೂತನ ಪ್ರಭುತ್ವವೊಂದು ಘೋಷಣೆಯ ದಿನದಂದೇ ಸಂಪೂರ್ಣವಾಗಿ ಜನ್ಮ ತಾಳುತ್ತದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಒಂದಾಗುವ ಪ್ರತಿಯೊಂದು ಭಾಗವೂ ಏನನ್ನಾದರೂ ಬಿಟ್ಟುಕೊಟ್ಟೇ ಒಂದಾಗಬೇಕು, ಬಿಟ್ಟುಕೊಟ್ಟವರ ಶಂಕೆ ನಿವಾರಣೆಯಾಗುವವರೆಗೂ ಪ್ರಭುತ್ವವು ಕಾಗದದ ಮೇಲೆಯೇ ಉಳಿದಿರುತ್ತದೆ ಎಂಬ ಮಾತಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಆರಂಭದ ದಿನಗಳು ಪ್ರಸಿದ್ಧವಾದ ನಿದರ್ಶನ. 1776ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ಆ ಹದಿಮೂರು ಸಂಸ್ಥಾನಗಳು 1781ರಲ್ಲಿ ಜಾರಿಗೆ ತಂದುಕೊಂಡ ಮೊದಲ ಒಕ್ಕೂಟದಲ್ಲಿ ಕೇಂದ್ರಕ್ಕೆ ತೆರಿಗೆ ವಿಧಿಸುವ ಅಧಿಕಾರವೇ ಇರಲಿಲ್ಲ. ಯುದ್ಧದಲ್ಲಿ ಹೋರಾಡಿದ ಸೈನಿಕರ ಸಂಬಳಕ್ಕೂ ಸಂಸ್ಥಾನಗಳ ಮುಂದೆ ಕೈಚಾಚಿ ನಿಲ್ಲಬೇಕಾಗಿತ್ತು. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ 55 ಮಂದಿ ಪ್ರತಿನಿಧಿಗಳು ಕಲೆತು ಹೊಸ ಸಂವಿಧಾನವನ್ನು ರಚಿಸಿದಾಗ ರೋಡ್ ಐಲೆಂಡ್ ಎಂಬ ಪುಟ್ಟ ಸಂಸ್ಥಾನವು ಪ್ರತಿನಿಧಿಗಳನ್ನೇ ಕಳುಹಿಸಲಿಲ್ಲ. 1789ರ ಏಪ್ರಿಲ್ 30ರಂದು ಜಾರ್ಜ್ ವಾಷಿಂಗ್ಟನ್ನರು ನ್ಯೂಯಾರ್ಕಿನಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ ಒಂದು ವರ್ಷ ಕಳೆದರೂ ಅದು ಹೊರಗೇ ನಿಂತಿದ್ದು, 1790ರ ಮೇ ತಿಂಗಳಲ್ಲಿ ಬಂದು ಸೇರಿತು.

ಬಾಗೂರಿನ ರೈತನು 1956ರಲ್ಲಿ ಯಾರೊಡನೆ ಒಂದಾದನೆಂಬುದನ್ನು ಈಗ ನೋಡೋಣ. ಮುಂಬಯಿ ಪ್ರಾಂತದಿಂದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ. ನಿಜಾಮರ ಹೈದರಾಬಾದಿನಿಂದ ಕಲಬುರ್ಗಿ, ರಾಯಚೂರು, ಬೀದರ. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ತನ್ನದೇ ಆದ ಪುಟ್ಟ ರಾಜ್ಯವಾಗಿದ್ದ ಕೊಡಗು. ಇವುಗಳಿಗೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ಬಂದು ಸೇರಿದ್ದ ಬಳ್ಳಾರಿ. ಕಾಸರಗೋಡು ಕೇರಳಕ್ಕೆ ಹೋಯಿತು. ಆ ನೋವನ್ನು ಇಲ್ಲಿ ಒಂದು ವಾಕ್ಯದಲ್ಲಿ ಮುಗಿಸುವುದು ನ್ಯಾಯವಲ್ಲವಾದರೂ ಪ್ರಸ್ತುತ ವಿಷಯವು ಬೇರೆಯಾದುದರಿಂದ ಮುಂದೆ ಸಾಗಬೇಕಾಗಿದೆ.

ಭಾಷೆಯೊಂದೇ ಆದರೂ ಆಡಳಿತವು ಒಂದಾಗಿರಲಿಲ್ಲ. ತಾಲ್ಲೂಕಿನ ಅಧಿಕಾರಿಯನ್ನು ಬಾಗೂರಿನವನು ಅಮಲ್ದಾರನೆಂದರೆ ಬಾಗಲಕೋಟೆಯವನು ಮಾಮಲೇದಾರನೆನ್ನುತ್ತಿದ್ದನು; ಮಂಗಳೂರಿನವನಿಗೂ ರಾಯಚೂರಿನವನಿಗೂ ಅವನು ತಹಶೀಲ್ದಾರ. ನಮ್ಮ ಕಡೆಯ ಶಾನುಭೋಗರ ಕೆಲಸವನ್ನು ಧಾರವಾಡದ ಕಡೆ ಕುಲಕರ್ಣಿಗಳು ಮಾಡುತ್ತಿದ್ದರು. ಹೊಲದ ದಾಖಲೆಗೆ ಇಲ್ಲಿ ಪಹಣಿ, ಅಲ್ಲಿ ಉತಾರ. ಈ ಎರಡು ಮಾತುಗಳು ಇಂದಿಗೂ ಒಂದಾಗಿಲ್ಲ. ಹೈದರಾಬಾದಿನ ಜಿಲ್ಲೆಗಳಲ್ಲಿ ಬಹುಕಾಲ ಉರ್ದುವೇ ಕಚೇರಿಯ ಭಾಷೆಯಾಗಿದ್ದುದರಿಂದ, ಅಲ್ಲಿಯ ಕನ್ನಡ ರೈತನು ತನ್ನ ಭೂಮಿಯ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಂಡು ನಂಬಬೇಕಾಗಿತ್ತು. ಮುಂಬಯಿ ಭಾಗದ ಕಡತಗಳ ಮೇಲೆ ಮರಾಠಿಯ ಮುದ್ರೆ ಗಾಢವಾಗಿತ್ತು. ಗೇಣಿಯ ಕಾನೂನು ಅಲ್ಲಿ ಒಂದು, ಇಲ್ಲಿ ಒಂದು. ಮುಂಬಯಿ, ಮದರಾಸು ಭಾಗಗಳಲ್ಲಿ ಪಾನನಿರೋಧ ಜಾರಿಯಲ್ಲಿತ್ತು, ಹೈದರಾಬಾದಿನ ಭಾಗದಲ್ಲಿ ಇರಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಹೊಸ ಶಾಸನಗಳು ಬರುವವರೆಗೂ ಆಯಾ ಪ್ರದೇಶದ ಹಳೆಯ ಕಾನೂನುಗಳೇ ಅಲ್ಲಲ್ಲಿ ನಡೆಯತಕ್ಕದ್ದೆಂದು ವಿಧಿಸಿದ್ದುದರಿಂದ, ಒಂದೇ ಸರ್ಕಾರವು ಕೆಲವು ವರ್ಷಗಳ ಕಾಲ ಐದು ಬಗೆಯ ಕಾನೂನುಗಳನ್ನು ಹಿಡಿದು ಐದು ಬಗೆಯ ಪ್ರಜೆಗಳನ್ನು ಆಳಬೇಕಾಯಿತು.

ಆದರೆ ಕಡತಗಳ ಭೇದಕ್ಕಿಂತಲೂ ಹಿರಿದಾದುದು ಮನಸ್ಸಿನ ಭೇದ. ಹಳೆಯ ಮೈಸೂರಿನವರಲ್ಲಿ ಹಲವರಿಗೆ ಏಕೀಕರಣವು ಹಬ್ಬವಾಗಿ ಕಾಣಲಿಲ್ಲವೆಂಬುದನ್ನು ಮರೆಮಾಚುವುದರಿಂದ ಯಾರಿಗೂ ಗೌರವ ಹೆಚ್ಚದು. 1881ರಲ್ಲಿಯೇ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕಂಡ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಗಣಿಗಳಿಗೆ ಹರಿಸಿದ, ವಾಣಿವಿಲಾಸ ಸಾಗರವನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ಕಟ್ಟಿದ ಸಂಸ್ಥಾನದ ಪ್ರಜೆಗಳು, ತಾವು ಕೂಡಿಟ್ಟ ಗಂಟು ರಸ್ತೆಯೂ ಶಾಲೆಯೂ ಸಾಲದ ದೂರದ ಜಿಲ್ಲೆಗಳಲ್ಲಿ ಕರಗಿಹೋಗುವುದೆಂದು ಭಯಪಟ್ಟರು. ಶಾಸನಸಭೆಯಲ್ಲಿ ತಮ್ಮ ಸಂಖ್ಯಾಬಲ ತಗ್ಗುವುದೆಂಬ ಭಯವೂ ಇತ್ತು, ಯಾವ ಜನಾಂಗಕ್ಕೆ ಯಾವುದರ ಮೇಲೆ ಮೇಲುಗೈಯಾದೀತೆಂಬ ಲೆಕ್ಕಾಚಾರವೂ ಇತ್ತು. ಅಮೆರಿಕದಲ್ಲಿ ಖಜಾನೆಯ ಕಾರ್ಯದರ್ಶಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರು 1790ರಲ್ಲಿ ಸಂಸ್ಥಾನಗಳ ಯುದ್ಧಸಾಲವನ್ನೆಲ್ಲ ಕೇಂದ್ರವೇ ವಹಿಸಿಕೊಳ್ಳಬೇಕೆಂದು ಸೂಚಿಸಿದಾಗ, ತನ್ನ ಸಾಲದ ಬಹುಭಾಗವನ್ನು ಆಗಲೇ ತೀರಿಸಿದ್ದ ವರ್ಜೀನಿಯವು ತಾನೇಕೆ ಅನ್ಯರ ಋಣವನ್ನು ಹೊರಬೇಕೆಂದು ಕೇಳಿದ ಪ್ರಶ್ನೆಯೂ ಮೈಸೂರಿನವರ ಪ್ರಶ್ನೆಯೂ ಒಂದೇ ತಾಯಿಯ ಮಕ್ಕಳು. ಆ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಕಷ್ಟಪಟ್ಟು ಮನೆ ಕಟ್ಟಿದವನಿಗೆ ಅದರ ಬಾಗಿಲನ್ನು ತೆರೆಯುವಾಗ ಒಂದು ಕ್ಷಣ ಕೈ ತಡೆಯುವುದು ಸಹಜವೆಂದೇ ನನ್ನ ಭಾವನೆ. ಅಲ್ಲಿ ಸಾಲದ ಸೂಚನೆಗೆ ಒಪ್ಪಿಗೆ ದೊರೆತದ್ದು ಮುಂದಿನ ರಾಜಧಾನಿಯು ದಕ್ಷಿಣದ ಪೊಟೊಮ್ಯಾಕ್ ನದಿಯ ದಡದಲ್ಲಿರುವುದೆಂಬ ಒಡಂಬಡಿಕೆಯಿಂದ.

ಇಲ್ಲಿ ಆ ಬಾಗಿಲನ್ನು ತೆರೆದವರಲ್ಲಿ ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರನ್ನು ನೆನೆಯದಿರಲಾಗದು. ತಮ್ಮ ಪ್ರದೇಶದ ಅನೇಕ ಶಾಸಕರು ವಿರೋಧಿಸುತ್ತಿದ್ದಾಗ, ರಾಜ್ಯ ಪುನರ್ವಿಂಗಡಣೆಗಾಗಿ ನೇಮಕವಾಗಿದ್ದ ಫಜಲ್ ಅಲಿ ಆಯೋಗವು 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯ ಏಕೀಕರಣದ ಸಲಹೆಯನ್ನು ಅವರು ಎತ್ತಿಹಿಡಿದರು. 1956ರ ಆಗಸ್ಟಿನಲ್ಲಿ ಮುಖ್ಯಮಂತ್ರಿಯ ಪದವಿಯನ್ನು ಕಳೆದುಕೊಂಡರು. ತಾವೇ ನಿಂತು ಕಟ್ಟಿಸಿದ ವಿಧಾನಸೌಧದಿಂದ ಆ ವಿಶಾಲ ರಾಜ್ಯವನ್ನು ಆಳುವ ಭಾಗ್ಯ ಅವರದಾಗಲಿಲ್ಲ. ಅದು ಚಿತ್ರದುರ್ಗದ ವಕೀಲರಾದ ಎಸ್. ನಿಜಲಿಂಗಪ್ಪನವರದಾಯಿತು.

ನಿಜಲಿಂಗಪ್ಪನವರ ಬಾಳೇ ಒಂದು ಬಗೆಯಲ್ಲಿ ಏಕೀಕರಣದ ಭೂಪಟವಾಗಿದ್ದಿತು. 1902ರಲ್ಲಿ ಅವರು ಹುಟ್ಟಿದ ಹಲುವಾಗಲು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಕಾನೂನನ್ನು ಓದಿದ್ದು ಮುಂಬಯಿ ಪ್ರಾಂತದ ಪುಣೆಯಲ್ಲಿ. ವೃತ್ತಿಗೆ ನಿಂತದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. 1939ರಲ್ಲಿ ಅದೇ ಜಿಲ್ಲೆಯ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹವನ್ನು ನಡೆಸಿ ಸೆರೆಮನೆಯನ್ನು ಕಂಡವರು ಅವರು.

ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ ಅವರ ಮುಂದಿದ್ದ ಕೆಲಸವು ಭಾಷಣಕ್ಕೆ ಒದಗುವಂತಹುದಾಗಿರಲಿಲ್ಲ. ಐದು ಆಡಳಿತಗಳಿಂದ ಬಂದ ನೌಕರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕಾಗಿತ್ತು. ಹೈದರಾಬಾದಿನ ಯಾವ ಹುದ್ದೆಯು ಮೈಸೂರಿನ ಯಾವ ಹುದ್ದೆಗೆ ಸಮ, ಸಂಬಳ ಬೇರೆಯಾಗಿ ಕೆಲಸ ಒಂದೇ ಆದಾಗ ಯಾರು ಹಿರಿಯರು, ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಜ್ಯೇಷ್ಠತಾ ಪಟ್ಟಿಗಳು ಹೊರಟವು, ಆಕ್ಷೇಪಣೆಗಳು ಬಂದವು, ಪಟ್ಟಿಗಳು ತಿದ್ದಲ್ಪಟ್ಟವು, ಪುನಃ ಹೈಕೋರ್ಟಿನ ಮೆಟ್ಟಿಲೇರಿದವು. ನೌಕರರ ಸೇವಾನಿಯಮಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕೆಂಬ ಕಟ್ಟಳೆಯಿದ್ದುದರಿಂದ, ಇದು ಬೆಂಗಳೂರಿನಲ್ಲಿಯೇ ತೀರುವ ವ್ಯಾಜ್ಯವಾಗಿಯೂ ಉಳಿಯಲಿಲ್ಲ. ಕಿರಿಯನೆಂದೆಣಿಸಿದವನು ರಾತ್ರಿ ಬೆಳಗಾಗುವುದರೊಳಗೆ ತನ್ನ ಮೇಲಧಿಕಾರಿಯಾಗಿ ಬಂದುದನ್ನು ಕಂಡ ಗುಮಾಸ್ತನ ಕಣ್ಣಿನಲ್ಲಿ ಕರ್ನಾಟಕ ಮಾತೆಯ ರೂಪವು ಹೇಗೆ ಕಂಡಿರಬಹುದು? ರಾಜ್ಯ ಕಟ್ಟಿದವರ ಪಟ್ಟಿಯಲ್ಲಿ ಆ ಅನಾಮಧೇಯ ಗುಮಾಸ್ತರನ್ನೂ ಸೇರಿಸಬೇಕೆಂದು ನಾನು ಹೃತ್ಪೂರ್ವಕವಾಗಿ ನಂಬುತ್ತೇನೆ. ದುಃಖವನ್ನು ನುಂಗಿಕೊಂಡು ಮರುದಿನ ಹತ್ತು ಗಂಟೆಗೆ ಕಚೇರಿಗೆ ಬಂದು ಕಡತವನ್ನು ಬಿಚ್ಚಿದವರು ಅವರು.

ಕಾನೂನುಗಳು ಒಂದೊಂದಾಗಿ ಬಂದವು. 1959ರಲ್ಲಿ ಗ್ರಾಮಪಂಚಾಯಿತಿಗಳ ಕಾಯಿದೆ, 1961ರಲ್ಲಿ ಭೂಸುಧಾರಣೆಯದು, 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿದ ಕಾಯಿದೆ, 1964ರಲ್ಲಿ ಭೂಕಂದಾಯದ ಕಾಯಿದೆ. ಇವುಗಳ ನಡುವೆ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹಕ್ಕನ್ನು ಕೊನೆಗಾಣಿಸಿತು. ಮಹಾರಾಜರು ಹೋಗಿ ರಾಜ್ಯಪಾಲರು ಬಂದಾಗ ಬದಲಾಗದಿದ್ದ ಊರಿನ ಜಗುಲಿಯು ಈ ಶಾಸನದಿಂದ ಬದಲಾಯಿತು. ಹೊಸ ಪ್ರಭುತ್ವವು ನಿಜವಾಗಿ ಬಾಗೂರಿನಂತಹ ಊರಿನೊಳಕ್ಕೆ ಕಾಲಿಟ್ಟದ್ದು ಆಗಲೇ ಎಂದರೂ ಸಲ್ಲುತ್ತದೆ.

ಹೆಸರಿನ ಪ್ರಶ್ನೆ ಮಾತ್ರ ಹದಿನೇಳು ವರ್ಷ ಕಾದಿತು. ಉತ್ತರದವರು ತಾವು ಹಂಬಲಿಸಿದ್ದು ಕರ್ನಾಟಕಕ್ಕಾಗಿ, ದೊರೆತದ್ದು ಮೈಸೂರು ಎಂದು ನೊಂದರು. ದಕ್ಷಿಣದವರಿಗೆ ಆ ಹೆಸರನ್ನೂ ಬಿಟ್ಟುಕೊಡುವುದೆಂದರೆ ಕರುಳು ಹಿಂಡಿದಂತಾಗುತ್ತಿತ್ತು. 1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಕರ್ನಾಟಕವೆಂಬ ಹೆಸರು ಬಂದಿತು. ಬಾಳನ್ನೆಲ್ಲ ಆ ಹೆಸರಿಗಾಗಿಯೇ ಸವೆಸಿದ ಆಲೂರು ವೆಂಕಟರಾಯರು 1964ರಲ್ಲಿಯೇ ಕಣ್ಮುಚ್ಚಿದ್ದರು.

ಇನ್ನು ಬಾಗೂರಿನ ತಾಲ್ಲೂಕಿಗೆ ಮರಳಿ ಬರೋಣ. 1958ರಲ್ಲಿ ನಿಜಲಿಂಗಪ್ಪನವರು ಅಧಿಕಾರದಿಂದಿಳಿದಾಗ ಅವರ ಸ್ಥಾನಕ್ಕೆ ಬಂದವರು ಜಮಖಂಡಿಯ ಬಿ. ಡಿ. ಜತ್ತಿಯವರು, ಹಳೆಯ ಮೈಸೂರಿನ ಹೊರಗಿನ ನೆಲದವರೊಬ್ಬರು ವಿಧಾನಸೌಧದಲ್ಲಿ ಕುಳಿತು ಬೆಂಗಳೂರನ್ನೂ ಬಾಗೂರನ್ನೂ ಆಳಿದರು, ಆಕಾಶವೇನೂ ಕಳಚಿಬೀಳಲಿಲ್ಲ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗ ಕ್ಷೇತ್ರದಿಂದ ನಿಂತರು. ತಮ್ಮದೇ ಜಿಲ್ಲೆ, ತಾವು ಸೆರೆಮನೆಗೆ ಹೋದ ನೆಲ. ಗೆದ್ದರೆ ಪುನಃ ಮುಖ್ಯಮಂತ್ರಿಗಳಾಗುವರೆಂಬುದನ್ನು ಬಲ್ಲ ಮತದಾರರು. ಆ ಮತದಾರರು ಅವರನ್ನು ಸೋಲಿಸಿ ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರನ್ನು ಆರಿಸಿದರು. ಅದುವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದ ಹುನಗುಂದದ ಎಸ್. ಆರ್. ಕಂಠಿಯವರು ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳಾದರು. ಪಾದುಕೆಗಳನ್ನಿಟ್ಟುಕೊಂಡು ರಾಜ್ಯಭಾರ ಮಾಡಿದ ಭರತನಿಗೆ ಜನ ಅವರನ್ನು ಹೋಲಿಸಿದರು. ಅಷ್ಟರಲ್ಲಿ ಬಾಗಲಕೋಟೆಯ ಶಾಸಕರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ಆರು ವರ್ಷಗಳ ಹಿಂದೆ ಮುಂಬಯಿಯ ಸರ್ಕಾರಕ್ಕೆ ಸೇರಿದ್ದು, ತನ್ನ ತಾಲ್ಲೂಕಿನ ಅಧಿಕಾರಿಯನ್ನು ಮಾಮಲೇದಾರನೆಂದು ಕರೆಯುತ್ತಿದ್ದ ಆ ಊರಿನ ಜನರು ಚಿತ್ರದುರ್ಗದ ವಕೀಲರನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿ ಕಳುಹಿಸಿದರು. ಜೂನ್ ತಿಂಗಳಲ್ಲಿ ಕಂಠಿಯವರು ಎದ್ದು ಅವರಿಗೆ ಪೀಠವನ್ನು ಬಿಟ್ಟುಕೊಟ್ಟರು.