ನಾಯಿಮರಿಯ ಮೊದಲ ರಾತ್ರಿಗಳು



ತೋಟಕ್ಕೆ ಹಂದಿ ನುಗ್ಗುತ್ತದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ಕಾವಲಿಗೊಂದು ನಾಯಿ ಬೇಕೆಂದು ಯಾರದೋ ಮನೆಯಿಂದ ಮರಿ ತರುತ್ತೇವೆ. ಮೊದಲ ರಾತ್ರಿಯೇ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದರೆ ಬೆಳಗಿನವರೆಗೂ ಅಳುತ್ತದೆ. ಒಳಗೆ ತಂದರೆ ನೆಲವೆಲ್ಲ ಗಲೀಜು. ಮೂರನೆಯ ದಿನ ಮರಿಯನ್ನು ಪೇಟೆಯ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬಂದವರನ್ನು ನಾನು ಬಲ್ಲೆ. ಬೀದಿನಾಯಿಗಳು ಹೆಚ್ಚಾದವೆಂದು ಆಮೇಲೆ ದೂರುವವರೂ ಅವರೇ.

ತಪ್ಪು ಮರಿಯದ್ದಲ್ಲ. 2 ತಿಂಗಳ ಮರಿ 2-3 ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆಹಿಡಿಯಲಾರದು. 4 ತಿಂಗಳಾದಾಗ 4-5 ಗಂಟೆ ತಡೆದೀತು. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರು ರಾತ್ರಿ ಒಂದೆರಡು ಸಲ ಏಳಲೇಬೇಕು. ಹಾಲು ಕರೆಯಲು ನಸುಕಿಗೇ ಏಳುವವರಿಗೆ ಇದೇನು ದೊಡ್ಡದು?

ಸಂಜೆ 7ರೊಳಗೆ ಊಟ ಹಾಕಿರಿ. ನೀವು ಮಲಗುವ ಮುನ್ನ ಒಮ್ಮೆ ಹೊರಗೆ ಒಯ್ಯಿರಿ; ಪ್ರತಿಸಲವೂ ಒಂದೇ ಜಾಗಕ್ಕೆ. ಬಾವಿಕಟ್ಟೆ, ತರಕಾರಿ ಸಾಲು, ಮಕ್ಕಳು ಆಡುವ ಕಡೆ ಬೇಡ. ಮಲಗಲು ಗೋಣಿ ಹಾಸಿದ ಹಣ್ಣಿನ ಪೆಟ್ಟಿಗೆ ಸಾಕು; ಅದು ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ತಾನು ಮಲಗುವ ಜಾಗವನ್ನು ನಾಯಿ ಸಾಧಾರಣವಾಗಿ ಹೊಲಸು ಮಾಡುವುದಿಲ್ಲ. ಆದರೆ ಪೆಟ್ಟಿಗೆ ತೀರಾ ದೊಡ್ಡದಾದರೆ ಒಂದು ಮೂಲೆ ನಿದ್ದೆಗೆ, ಇನ್ನೊಂದು ಮೂಲೆ ಅದಕ್ಕೆ! ಕುಂಯ್‌ಗುಟ್ಟಿದ ಕೂಡಲೇ ಎತ್ತಿಕೊಂಡು ಹೋಗಿರಿ. ಟಾರ್ಚು ಕೈಯಲ್ಲಿರಲಿ, ಹಾವುಗಳ ಊರು ನಮ್ಮದು. ಮಾತು, ಆಟ ಬೇಡ. ಕೆಲಸ ಮುಗಿಸಿದ ಕ್ಷಣವೇ ಮೆಲ್ಲನೆ ಬೆನ್ನು ಸವರಿ, ತಂದು ಮಲಗಿಸಿರಿ.

ಮರಿಯ ಮೂಗನ್ನು ಅದರ ಮೂತ್ರಕ್ಕೇ ಒತ್ತುವ ಪದ್ಧತಿ ನಮ್ಮಲ್ಲಿದೆ. ನಾನೂ ಒಮ್ಮೆ ಮಾಡಿದ್ದೇನೆ. ಆ ಮರಿ ಕಲಿತದ್ದು, ಇವನ ಕಣ್ಣೆದುರು ಮಾಡಬಾರದು ಎಂಬುದಷ್ಟೆ. ಮರುದಿನದಿಂದ ಅಕ್ಕಿ ಡಬ್ಬದ ಹಿಂದೆ ಶುರು. ಎಷ್ಟೋ ಹೊತ್ತಿನ ಹಿಂದೆ ಮಾಡಿದ್ದಕ್ಕೆ ಈಗ ಹೊಡೆದರೆ ಅದಕ್ಕೆ ಕಾರಣ ತಿಳಿಯುವುದಿಲ್ಲ. ನೆಲವನ್ನು ಸೋಪು ನೀರಿನಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿರಿ. ಹಳೆಯ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತದೆ. ಕಪ್ಪು ಫಿನಾಯಿಲ್ ಬೇಡ, ಮರಿ ನೆಕ್ಕಿದರೆ ಅದು ವಿಷ.

ಇನ್ನು ಮಕ್ಕಳ ಆರೋಗ್ಯದ ಮಾತು. ನಾಯಿಯ ದುಂಡುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಬರುತ್ತದೆ. ಮಲದಲ್ಲಿರುವ ಮೊಟ್ಟೆಗಳು ಕೆಲವು ವಾರ ಮಣ್ಣಿನಲ್ಲಿದ್ದು ಬಲಿತು, ಮಕ್ಕಳ ಕೈಯಿಂದ ಬಾಯಿಗೆ ಹೋಗಿ, ಕೆಲವೊಮ್ಮೆ ಕಣ್ಣಿಗೂ ಕೇಡು ತರುತ್ತವೆ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದಲ್ಲೇ ನುಗ್ಗಿ, ತುರಿಸುವ ಡೊಂಕು ಗೆರೆ ಎಳೆಯುತ್ತವೆ. ಆದುದರಿಂದ ಮಲವನ್ನು ದಿನಾ ಎತ್ತಿ ಆಳವಾಗಿ ಹೂಳಿರಿ. ಹುಳದ ಮದ್ದನ್ನು 15ನೆಯ ದಿನದಿಂದ 3 ತಿಂಗಳವರೆಗೆ 15 ದಿನಕ್ಕೊಮ್ಮೆ, ತೂಕ ನೋಡಿ, ಪಶುವೈದ್ಯರನ್ನು ಕೇಳಿ ಕೊಡಿರಿ. ಹಿಂದೆ ಅಡಿಕೆಯ ಸತ್ವವೇ ನಾಯಿಯ ಲಾಡಿಹುಳಕ್ಕೆ ಮದ್ದಾಗಿತ್ತು ನಿಜ. ಆದರೆ ಅಳತೆ ತಪ್ಪಿದರೆ ನಾಯಿಯೇ ಸಾಯುತ್ತದೆ, ಮನೆಯಲ್ಲಿ ಪ್ರಯೋಗಿಸಬೇಡಿ.

3 ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ ಕಾರ್ಡನ್ನು ಜೋಪಾನವಾಗಿಡಿ. ಕೇರಳದಲ್ಲಿ 1998ರ ನಿಯಮದಂತೆ ನಾಯಿ ಸಾಕಲು ಪಂಚಾಯತಿನ ಪರವಾನಗಿ ಬೇಕು, ಅರ್ಜಿಯ ಜೊತೆ ಆ ಕಾರ್ಡನ್ನೂ ಕೇಳುತ್ತಾರೆ.